ಆಮೆ ಎಷ್ಟು ತಿರುಗಬೇಕು?

ಅಂಕೋಲಾ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಗಣಿತ ಕಲಿಸುತ್ತೇನೆ. ಬಹುಭುಜದ ಬಾಹ್ಯಕೋನಗಳ ಮೊತ್ತ 360 ಡಿಗ್ರಿ ಅಂತ ಎಂಟನೇ ತರಗತಿಯವರು ಬಾಯಿಪಾಠ ಒಪ್ಪಿಸುತ್ತಿದ್ದರು. ಯಾಕೆ 360 ಅಂತ ಕೇಳಿದರೆ ಎಲ್ಲರೂ ಸುಮ್ಮನೆ. ಅದಕ್ಕೇ ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಹಿಡಿದೆ.

ಪೈಥಾನ್‌ನಲ್ಲಿ ಟರ್ಟಲ್, ಅಂದರೆ ಆಮೆ, ಅಂತ ಚಿತ್ರ ಬರೆಯುವ ಒಂದು ಸಲಕರಣೆ ಇದೆ. 1967ರಲ್ಲಿ ಸೇಮೂರ್ ಪ್ಯಾಪರ್ಟ್ ಮತ್ತು ಜೊತೆಗಾರರು ಮಕ್ಕಳಿಗಾಗಿ ಶುರು ಮಾಡಿದ ಲೋಗೋ ಭಾಷೆಯ ಬಳುವಳಿ. ಪರದೆಯ ಮೇಲೆ ಆಮೆ ನಡೆದಲ್ಲೆಲ್ಲ ಗೆರೆ ಬೀಳುತ್ತದೆ. ಮೊಟ್ಟೆ ಇಡಲು ಬಂದ ಕಡಲಾಮೆ ಮರಳಲ್ಲಿ ಬಿಡುವ ಜಾಡು ನಮ್ಮ ಮಕ್ಕಳಿಗೆ ಗೊತ್ತು. ಹಾಗಾಗಿ ಜಾಸ್ತಿ ಹೇಳಬೇಕಾಗಲಿಲ್ಲ.

ಮೊದಲ ಕೆಲಸ ಸಮಬಾಹು ತ್ರಿಭುಜ. ಎಲ್ಲರೂ ಬರೆದದ್ದು ಒಂದೇ: 100 ಹೆಜ್ಜೆ ಮುಂದೆ, 60 ಡಿಗ್ರಿ ಎಡಕ್ಕೆ, ಮೂರು ಸಲ. ಬಂದದ್ದು ಅರ್ಧ ಷಡ್ಭುಜ.

"ಸರ್, ತ್ರಿಭುಜದ ಕೋನ 60 ಅಲ್ವಾ?" ಎಂದಳು ಒಬ್ಬಳು.

ನಾನು ಉತ್ತರ ಹೇಳಲಿಲ್ಲ. ಜಗಲಿಯಲ್ಲಿ ಸೀಮೆಸುಣ್ಣದಿಂದ ತ್ರಿಭುಜ ಬರೆದು, ಅವಳನ್ನೇ ಆಮೆ ಮಾಡಿ ನಡೆಸಿದೆ. ಮೂಲೆಯಲ್ಲಿ ಮೈ ತಿರುಗಿಸುತ್ತಾ ಅರ್ಧಕ್ಕೇ ನಿಂತಳು. "ನಾನು ಒಳಗಿನ ಕೋನ ತಿರುಗ್ತಾ ಇಲ್ಲ ಸರ್, ಹೊರಗಿಂದು!" 180ರಲ್ಲಿ 60 ಕಳೆದು 120. ಮೂರು ಮೂಲೆ ದಾಟಿದಾಗ ಹೊರಟ ದಿಕ್ಕಿಗೇ ಮುಖ ಮಾಡಿದ್ದಳು. ಅವಳ ಮೈಯೇ ಒಂದು ಪೂರ್ತಿ ಸುತ್ತು, ಅಂದರೆ 360 ಡಿಗ್ರಿ, ಬಂದಿತ್ತು.

ನಮ್ಮಲ್ಲಿ ಕೆಲಸ ಮಾಡುವ ಕಂಪ್ಯೂಟರ್ ನಾಲ್ಕೇ. ಏನು ಚಿತ್ರ ಬರುತ್ತದೆ ಅಂತ ಮೊದಲು ನೋಟ್‌ಬುಕ್ಕಲ್ಲಿ ಬರೆದವರಿಗೆ ಮಾತ್ರ ಕೀಬೋರ್ಡ್. ಎಷ್ಟೇ ಕಂಪ್ಯೂಟರ್ ಬಂದರೂ ನಾನು ಈ ನಿಯಮ ಬಿಡುವುದಿಲ್ಲ.

ಚೌಕ, ಪಂಚಭುಜ ಬೇಗ ಮುಗಿದವು. ಏಳು ಬಾಹುಗಳಿಗೆ ಬಂದಾಗ 360ನ್ನು 7ರಿಂದ ಭಾಗಿಸಿದರೆ 51.428… ಹೀಗೆ ಮುಗಿಯುವುದೇ ಇಲ್ಲ. ಒಬ್ಬ 51 ಅಷ್ಟೇ ಹಾಕಿದ. ಒಟ್ಟು 3 ಡಿಗ್ರಿ ಕಡಿಮೆ ಬಿತ್ತು, ಆಕೃತಿ ಕೂಡಲಿಲ್ಲ. ತಿದ್ದಲು ನನಗೆ ಮನಸ್ಸಾಗಲಿಲ್ಲ. "ಓಡಿಸ್ತಾ ಇರು, ಯಾವಾಗ ಹೊರಟಲ್ಲಿಗೆ ಬರ್ತದೆ ನೋಡು" ಎಂದೆ. ಪ್ರತಿ ಸಲ ಆಮೆಯ ದಿಕ್ಕು ತೋರಿಸುವ ಒಂದು ಸಾಲು ಸೇರಿಸಿದೆವು. 120ನೇ ಸಲ ದಿಕ್ಕು ಸೊನ್ನೆಗೆ ಬಂತು. ಪರದೆ ತುಂಬ ಬಳೆಯಂಥ ಚಿತ್ರ. 120 ಎಲ್ಲಿಂದ ಬಂತು? 51 ಮತ್ತು 360 ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ, ಅಂದರೆ ಅವುಗಳ ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ), 6120. ಅದನ್ನು 51ರಿಂದ ಭಾಗಿಸಿದರೆ 120. ಲ.ಸಾ.ಅ. ಅಂದರೆ ಭಿನ್ನರಾಶಿ ಕೂಡಿಸಲು ಅಂದುಕೊಂಡಿದ್ದ ಮಕ್ಕಳು ಪರದೆ ಮುಂದೆ ಮುಗಿಬಿದ್ದರು.

ಮರುದಿನ ಮಳೆಗೆ ಕರೆಂಟ್ ಇರಲಿಲ್ಲ. ಅದೇ ಹುಡುಗ ನೋಟ್‌ಬುಕ್ ಹಿಡಿದು ಬಂದ. "ಸರ್, 50 ಹಾಕಿದ್ರೆ 36 ಸಲ ಸಾಕು."