ಬಿಸಿಲಿನಲ್ಲಿ ದುಡಿಯುವವರ ಮೈಯ ನೀರು ಆರದಂತೆ ನೋಡಿಕೊಳ್ಳುವ ಬಗೆ

ಬೇಸಿಗೆಯಲ್ಲಿ ಗದಗ ಸೀಮೆಯ ಹೊಲಗಳಲ್ಲಿ ಬದು ಹಾಕುವವರು, ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು, ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರು ಸಾಮಾನ್ಯವಾಗಿ ಬಾಯಾರಿದಾಗ ಮಾತ್ರ ನೀರು ಕುಡಿಯುತ್ತಾರೆ. ಆದರೆ ಬಾಯಾರಿಕೆ ತಡವಾಗಿ ಬರುವ ಸೂಚನೆ. ಅದು ಕಾಣಿಸಿಕೊಳ್ಳುವ ಹೊತ್ತಿಗೆ ಬೆವರಿನೊಂದಿಗೆ ಸಾಕಷ್ಟು ನೀರು ಮತ್ತು ಉಪ್ಪು ಮೈಯಿಂದ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ನೀರು ಕುಡಿಯಬೇಕು, ಮತ್ತು ಕುಡಿಸುವ ಹೊಣೆಯನ್ನು ಕೆಲಸ ಮಾಡಿಸುವವರೇ ಹೊರಬೇಕು.

ಬಿಸಿಲಿನಲ್ಲಿ ಮೈಮುರಿದು ದುಡಿಯುವಾಗ ಪ್ರತಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು. ಒಂದು ತಾಸಿನಲ್ಲಿ ಒಂದೂವರೆ ಲೀಟರ್ ಮೀರಬಾರದು; ಮೀರಿದರೆ ರಕ್ತದಲ್ಲಿನ ಉಪ್ಪಿನ ಅಂಶ ಅಪಾಯಕರವಾಗಿ ಇಳಿಯಬಹುದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ಪ್ರಮಾಣವನ್ನು ವೈದ್ಯರಿಂದಲೇ ಕೇಳಿ ತಿಳಿಯಬೇಕು.

ನೀರು ಇದ್ದರಷ್ಟೇ ಸಾಲದು, ಅದು ಕೈಗೆ ಸಿಗುವಂತಿರಬೇಕು. ತೂಕದ ಇಲ್ಲವೇ ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವವರು ದೂರದ ನೆರಳಿನಲ್ಲಿಟ್ಟ ಕೊಡದ ಬಳಿಗೆ ತಾಸಿಗೆ ಮೂರು ಸಲ ಎದ್ದು ಹೋಗುವುದಿಲ್ಲ, ಏಕೆಂದರೆ ಹೋದಷ್ಟು ಹೊತ್ತು ಅವರ ಕೂಲಿ ನಿಲ್ಲುತ್ತದೆ. ಒಬ್ಬರನ್ನು ನೀರು ಕೊಡುವುದಕ್ಕೆಂದೇ ನೇಮಿಸಿ, ಕೊಡ ಮತ್ತು ಲೋಟಗಳೊಂದಿಗೆ ಸಾಲಿನುದ್ದಕ್ಕೂ ಸುತ್ತಿಸುವುದು ನನ್ನ ದೃಷ್ಟಿಯಲ್ಲಿ ಉಳಿದೆಲ್ಲ ಏರ್ಪಾಡುಗಳಿಗಿಂತ ಮುಖ್ಯವಾದುದು. ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಹೇಳಲೇಬೇಕು: ಕೆಲಸದ ಜಾಗದಲ್ಲಿ ಶೌಚಾಲಯವಿಲ್ಲದಿದ್ದರೆ ಎಷ್ಟೋ ಹೆಣ್ಣುಮಕ್ಕಳು ಬೆಳಗಿನಿಂದಲೇ ನೀರು ಕುಡಿಯುವುದನ್ನು ಬಿಡುತ್ತಾರೆ. ಅಂಥಲ್ಲಿ ಎಷ್ಟು ಕೊಡ ತುಂಬಿಸಿಟ್ಟರೂ ಪ್ರಯೋಜನವಿಲ್ಲ. ಮೊದಲು ಮರೆಯಿರುವ, ನೀರಿನ ಅನುಕೂಲವಿರುವ ಶೌಚಾಲಯವನ್ನು ಒದಗಿಸಬೇಕು.

ಹೊತ್ತಿಗೆ ಸರಿಯಾಗಿ ರೊಟ್ಟಿ ಬುತ್ತಿ ಉಣ್ಣುವವರಿಗೆ ಬೆವರಿನಲ್ಲಿ ಹೋದ ಉಪ್ಪು ಬಹುಮಟ್ಟಿಗೆ ಊಟದಿಂದಲೇ ಮರಳುತ್ತದೆ. ಉಪ್ಪು ಹಾಕಿದ ಮಜ್ಜಿಗೆ, ಜೋಳದ ಅಂಬಲಿ ಒಳ್ಳೆಯವು. ತಾಸುಗಟ್ಟಲೆ ಬೆವರು ಸುರಿದವರಿಗೆ ಓಆರ್‌ಎಸ್, ಅಂದರೆ ನೀರಿನಲ್ಲಿ ಕರಗಿಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ, ಕೊಡಬಹುದು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ ಅದನ್ನು ಪೂರ್ತಿ ಕರಗಿಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ 6 ಸಮಮಟ್ಟದ ಚಹಾ ಚಮಚ ಸಕ್ಕರೆ, ಸಮಮಟ್ಟದ ಅರ್ಧ ಚಹಾ ಚಮಚ ಉಪ್ಪು ಬೆರೆಸಬೇಕು. ಹಿಂದಿನ ರಾತ್ರಿಯ ಮದ್ಯ ಮರುದಿನದ ಬಿಸಿಲಿನಲ್ಲಿ ಕೇಡು ಮಾಡುತ್ತದೆ.

ಹೊಸದಾಗಿ ಬಂದವರ ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಮೊದಲ ದಿನ ಬಿಸಿಲಿನ ಕೆಲಸದ ಐದನೆಯ ಒಂದು ಪಾಲನ್ನಷ್ಟೇ ಕೊಟ್ಟು, ದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಬೇಕು.

ಮೂತ್ರ ಗಾಢ ಹಳದಿಯಾಗಿದ್ದರೆ, ತಲೆನೋವು, ತಲೆಸುತ್ತು, ಸ್ನಾಯು ಸೆಳೆತ ಕಂಡರೆ ಕೆಲಸ ನಿಲ್ಲಿಸಿ ನೆರಳಿಗೆ ಬಂದು ನೀರು ಕುಡಿಯಬೇಕು. ಮಾತು ತೊದಲಿದರೆ, ಮನಸ್ಸು ಗಲಿಬಿಲಿಗೊಂಡರೆ ಅಥವಾ ಪ್ರಜ್ಞೆ ತಪ್ಪಿದರೆ ಅದು ಬಿಸಿಲಾಘಾತವಿರಬಹುದು. ಒಂದು ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಬಟ್ಟೆ ಸಡಿಲಿಸಿ, ಮೈತುಂಬ ತಣ್ಣೀರು ಸುರಿದು ಗಾಳಿ ಹಾಕುತ್ತಿರಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು. ಅದು ಶ್ವಾಸನಾಳಕ್ಕೆ ಇಳಿಯಬಹುದು.