ಐಟಿಐ ಸೇರುವ ಮುನ್ನ ವರ್ಕ್‌ಶಾಪ್ ನೋಡುವುದು ಹೇಗೆ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ಬೆಂಗಳೂರಿನ ಯಾವ ಐಟಿಐ ಆಫೀಸಿಗೆ ಹೋದರೂ ಇದೇ ನೋಟ. ಮಾರ್ಕ್ಸ್ ಕಾರ್ಡ್ ಇಟ್ಟ ಪ್ಲಾಸ್ಟಿಕ್ ಫೈಲ್ ಹಿಡಿದ ಅಪ್ಪ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಮಗ. ಫೀಸು ಎಷ್ಟು, ಕಂತಿನಲ್ಲಿ ಕಟ್ಟಬಹುದಾ, ಬಸ್ ಪಾಸ್ ಸಿಗುತ್ತಾ ಅಂತ ಅಪ್ಪ ಎಲ್ಲವನ್ನೂ ಕೇಳುತ್ತಾರೆ. ಹಿಂದಿನ ಶೆಡ್‌ನಲ್ಲಿರುವ ಲೇಥ್ (ಲೋಹ ಕಡೆಯುವ ಮೆಷಿನ್) ತಿರುಗುತ್ತದೆಯೋ ಇಲ್ಲವೋ ಅಂತ ಮಾತ್ರ ಕೇಳುವುದಿಲ್ಲ. ಎರಡು ವರ್ಷ ಆದ ಮೇಲೆ ಹುಡುಗ ಪೀಣ್ಯದ ಕಾರ್ಖಾನೆಯೊಂದಕ್ಕೆ ಇಂಟರ್‌ವ್ಯೂಗೆ ಹೋಗುತ್ತಾನೆ. ಸೂಪರ್‌ವೈಸರ್ ಸರ್ಟಿಫಿಕೇಟ್ ಪಕ್ಕಕ್ಕಿಟ್ಟು ಕೈಗೆ ವರ್ನಿಯರ್ (ಸೂಕ್ಷ್ಮವಾಗಿ ಅಳೆಯುವ ಸಾಧನ) ಕೊಟ್ಟು, "ಇದನ್ನ ಅಳೆದು ಹೇಳಪ್ಪಾ" ಅನ್ನುತ್ತಾರೆ. ಅಲ್ಲಿಗೆ ಬಣ್ಣ ಬಯಲು.

ಅರ್ಜಿ ತುಂಬುವುದು ಸುಲಭ. ಸೈಬರ್ ಸೆಂಟರ್ ಹುಡುಗನೂ ಮಾಡಿಕೊಡುತ್ತಾನೆ. ಕಷ್ಟ ಇರುವುದು ಆಯ್ಕೆಯಲ್ಲಿ. ಹಾಗಾಗಿ ಇಲ್ಲಿ ಅರ್ಜಿಗೆ ಒಂದು ಪ್ಯಾರಾ ಸಾಕು, ಜಾಗವೆಲ್ಲ ವರ್ಕ್‌ಶಾಪ್‌ಗೆ.

ಮೊದಲು ಟ್ರೇಡ್

ಟ್ರೇಡ್ ಅಂದರೆ ಕಲಿಯುವ ಕಸುಬು. ಫಿಟ್ಟರ್ (ಭಾಗಗಳನ್ನು ಅರದಿಂದ ಉಜ್ಜಿ ಜೋಡಿಸುವವರು), ಟರ್ನರ್ (ಲೇಥ್ ಓಡಿಸುವವರು), ಮೆಷಿನಿಸ್ಟ್ (ಮಿಲ್ಲಿಂಗ್ ಮುಂತಾದ ಮೆಷಿನ್ ಓಡಿಸುವವರು), ಎಲೆಕ್ಟ್ರಿಷಿಯನ್ ಎರಡು ವರ್ಷದ ಟ್ರೇಡ್‌ಗಳು. ವೆಲ್ಡರ್, ಕೋಪಾ ಒಂದು ವರ್ಷದವು. ಕೋಪಾ ಅಂದರೆ ಕಂಪ್ಯೂಟರ್ ಕೋರ್ಸ್. ಎಸಿ ರೂಮಿನ ಕೆಲಸ ಅಂದುಕೊಂಡು ಇದಕ್ಕೆ ಮುಗಿಬೀಳುವವರು ಜಾಸ್ತಿ. ನನ್ನನ್ನು ಕೇಳಿದರೆ, ಬೆಂಗಳೂರಿನಲ್ಲಿದ್ದುಕೊಂಡು ಟರ್ನರ್, ಮೆಷಿನಿಸ್ಟ್ ಬಿಟ್ಟು ಕೋಪಾ ಸೇರುವುದು ಅವಕಾಶವನ್ನು ಕೈಯಾರೆ ಬಿಟ್ಟುಕೊಟ್ಟ ಹಾಗೆ. ಪೀಣ್ಯ, ಅಬ್ಬಿಗೆರೆ, ಬೊಮ್ಮಸಂದ್ರ, ಜಿಗಣಿ ಸುತ್ತಿ ಬನ್ನಿ, ಗೇಟಿಗೆ ನೇತು ಹಾಕಿದ 'ಬೇಕಾಗಿದ್ದಾರೆ' ಬೋರ್ಡ್‌ಗಳನ್ನು ಓದಿ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಮೆಷಿನ್) ಆಪರೇಟರ್, ಟರ್ನರ್, ವೆಲ್ಡರ್ ಅಂತಲೇ ಇರುತ್ತದೆ. ಹುಡುಗನಿಗೆ ಯಾವುದು ಇಷ್ಟ ಅಂತ ಒಂದ್ಸಲ ಅವನನ್ನೂ ಕೇಳಿ, ಆಯ್ತಾ.

ಕಾಗದ ನೋಡಿ

"ನಮ್ಮದು ಎನ್‌ಸಿವಿಟಿ" ಅಂದ ತಕ್ಷಣ ಹೂಂ ಅನ್ನಬೇಡಿ. ಅದು ವೃತ್ತಿ ತರಬೇತಿಯ ಹಳೆ ರಾಷ್ಟ್ರೀಯ ಮಂಡಳಿ. 2018ರ ಆದೇಶದಿಂದ ಅದರ ಜಾಗಕ್ಕೆ ಎನ್‌ಸಿವಿಇಟಿ ಬಂದಿದೆ. ಬಾಯಲ್ಲಿ ಹಳೆ ಹೆಸರೇ ಓಡಾಡುತ್ತದೆ, ಅದೇನೂ ದೊಡ್ಡ ವಿಷಯವಲ್ಲ. ಗಮನಿಸಬೇಕಾದ್ದು ಬೇರೆ. ಮಾನ್ಯತೆ ಸಿಗುವುದು ಕಟ್ಟಡಕ್ಕಲ್ಲ, ಒಂದೊಂದು ಟ್ರೇಡ್‌ಗೆ, ಅದರಲ್ಲೂ ಇಷ್ಟು ಯೂನಿಟ್ ಅಂತ ಲೆಕ್ಕ ಹಾಕಿ. ಫಿಟ್ಟರ್, ಎಲೆಕ್ಟ್ರಿಷಿಯನ್‌ಗೆ ಒಂದು ಯೂನಿಟ್ ಅಂದರೆ 20 ಸೀಟು. ಎಲೆಕ್ಟ್ರಿಷಿಯನ್‌ಗೆ ಮಾನ್ಯತೆ ಇದ್ದು ಫಿಟ್ಟರ್‌ಗೆ ಇಲ್ಲದ ಸಂಸ್ಥೆಯೂ ಹೊರಗೆ ಒಂದೇ ಬೋರ್ಡ್ ಹಾಕಿಕೊಂಡಿರಬಹುದು. ಸಂಸ್ಥೆಯ ಎಂಐಎಸ್ ಕೋಡ್ (ಕೇಂದ್ರದ ಪಟ್ಟಿಯಲ್ಲಿ ಅದರ ಗುರುತಿನ ಸಂಖ್ಯೆ) ಕೇಳಿ ಬರೆದುಕೊಳ್ಳಿ. ಕೇಂದ್ರದ ಪೋರ್ಟಲ್‌ನಲ್ಲಿ ಅದನ್ನು ಹಾಕಿದರೆ ಯಾವ ಟ್ರೇಡ್‌ಗೆ ಮಾನ್ಯತೆ ಇದೆ ಅಂತ ಕಾಣುತ್ತದೆ. ಕೋಡ್ ಹೇಳಲು ಹಿಂದೆಮುಂದೆ ನೋಡಿದರೆ ಎದ್ದು ಬನ್ನಿ.

ಈಗ ವರ್ಕ್‌ಶಾಪ್

ಅಡ್ಮಿಷನ್ ದಿನ ಹೋಗಬೇಡಿ. ಅವತ್ತು ಎಲ್ಲ ಗುಡಿಸಿ ಒರೆಸಿ ಇಟ್ಟಿರುತ್ತಾರೆ. ಐಟಿಐ ವರ್ಷ ಸಾಮಾನ್ಯವಾಗಿ ಶುರುವಾಗುವುದು ಆಗಸ್ಟ್ ಹೊತ್ತಿಗೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬರುವಾಗ ಹಿಂದಿನ ಬ್ಯಾಚಿನ ಹುಡುಗರು ಇನ್ನೂ ಒಳಗೇ ಇರುತ್ತಾರೆ. ಕೆಲಸದ ದಿನ, ಬೆಳಿಗ್ಗೆ 11ರ ಹೊತ್ತಿಗೆ ಹೋಗಿ, "ಸಾರ್, ಮಗನ್ನ ಸೇರಿಸೋಣ ಅಂತಿದೀವಿ, ವರ್ಕ್‌ಶಾಪ್ ಒಂದ್ಸಲ ನೋಡಬಹುದಾ?" ಅಂತ ವಿನಯವಾಗಿ ಕೇಳಿ. ಒಳ್ಳೆಯ ಕಡೆ ಅವರೇ ಖುಷಿಯಿಂದ ಕರೆದುಕೊಂಡು ಹೋಗುತ್ತಾರೆ. "ಇನ್ಶೂರೆನ್ಸ್ ತೊಂದರೆ, ಹೊರಗಿನವರನ್ನ ಬಿಡಲ್ಲ" ಅಂದರೆ ಬಾಗಿಲಲ್ಲೇ ನಿಂತು ನೋಡುತ್ತೇವೆ ಅನ್ನಿ. ಅದಕ್ಕೂ ಒಪ್ಪದಿದ್ದರೆ ಆ ಸಂಸ್ಥೆ ನಿಮ್ಮ ಪಟ್ಟಿಯಿಂದ ಹೊರಗೆ.

ಮೊದಲು ಕಿವಿ ಕೊಡಿ. ಕಲಿಸುವ ವರ್ಕ್‌ಶಾಪ್‌ನಲ್ಲಿ ಸದ್ದು ಇರಲೇಬೇಕು. ಅರ ಉಜ್ಜುವ ಸದ್ದು, ಗ್ರೈಂಡರ್ ಕಿರುಚಾಟ, ಬೈಗುಳ. ನಿಶ್ಶಬ್ದವಾಗಿರುವ ವರ್ಕ್‌ಶಾಪ್ ಒಲೆ ಹಚ್ಚದ ಅಡುಗೆಮನೆ.

ಆಮೇಲೆ ಲೇಥ್ ಕೆಳಗಿನ ತಟ್ಟೆ ನೋಡಿ. ಹೊಸ ಸುರುಳಿ, ಕಬ್ಬಿಣದ ಚೂರು ಬಿದ್ದಿದ್ದರೆ ಮೆಷಿನ್ ಓಡುತ್ತಿದೆ ಅಂತ ಅರ್ಥ. ತಟ್ಟೆ ಖಾಲಿ, ಬೆಡ್ ಮೇಲೆ ಗ್ರೀಸ್ ಬಳಿದು ಅದರ ಮೇಲೆ ಧೂಳು ಕೂತಿದ್ದರೆ ಅದು ತನಿಖೆಗೆ ಬಂದವರಿಗೆ ತೋರಿಸಲು ಇಟ್ಟ ಮೆಷಿನ್. ಟೇಲ್‌ಸ್ಟಾಕ್ (ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಭಾಗ) ಮೇಲೆ ಬೆರಳಾಡಿಸಿ. ಚಕ್ ಕೀ (ತುಂಡನ್ನು ಹಿಡಿಯುವ ಚಕ್ ಬಿಗಿ ಮಾಡುವ ಕೀಲಿ) ಎಲ್ಲಿದೆ ಅಂತ ಕೇಳಿ. ಚಕ್ ಕೀ ಹುಡುಕಲು ಹತ್ತು ನಿಮಿಷ ಹಿಡಿದರೆ ಆ ಲೇಥ್ ಮೇಲೆ ಈ ವಾರ ಯಾರೂ ಕೆಲಸ ಮಾಡಿಲ್ಲ.

ಫಿಟ್ಟರ್ ಸೆಕ್ಷನ್‌ನಲ್ಲಿ ಬೆಂಚ್ ವೈಸ್ (ತುಂಡನ್ನು ಕಚ್ಚಿ ಹಿಡಿಯುವ ಸಾಧನ) ಎಣಿಸಿ. 20 ಹುಡುಗರಿಗೆ ಆರು ವೈಸ್ ಇದ್ದು, ಅದರಲ್ಲಿ ಎರಡಕ್ಕೆ ಹಿಡಿಯೇ ಇಲ್ಲ ಅಂದರೆ ಉಳಿದವರು ದಿನವಿಡೀ ನಿಂತು ನೋಡುತ್ತಾರೆ ಅಷ್ಟೆ. ಅರಗಳಿಗೆ ಮರದ ಹಿಡಿ ಇದೆಯಾ? ಹಿಡಿ ಇಲ್ಲದ ಅರದ ಬಾಲ ಅಂಗೈಗೆ ಚುಚ್ಚುತ್ತದೆ. ಅದನ್ನೇ ಸರಿ ಮಾಡಿಸದವರು ಉಳಿದ ಸುರಕ್ಷತೆಯನ್ನು ಏನು ನೋಡಿಯಾರು? ಮೂಲೆಯಲ್ಲಿ ಎಂಎಸ್ ಫ್ಲ್ಯಾಟ್‌ನ (ಮೆದು ಉಕ್ಕಿನ ಪಟ್ಟಿ) ಹೊಸ ಸ್ಟಾಕ್, ಪಕ್ಕದಲ್ಲಿ ಕೆಟ್ಟುಹೋದ ತುಂಡುಗಳ ರಾಶಿ, ಎರಡೂ ಇರಬೇಕು. ರಾಶಿ ದೊಡ್ಡದಿದ್ದಷ್ಟೂ ನನಗೆ ನಂಬಿಕೆ ಜಾಸ್ತಿ. ಹುಡುಗರು ಕೆಡಿಸಿಯೇ ಕಲಿಯಬೇಕು, ಕೆಡಿಸಲು ಕಬ್ಬಿಣ ಬೇಕು, ಕಬ್ಬಿಣಕ್ಕೆ ದುಡ್ಡು ಬೇಕು. ಸಂಸ್ಥೆ ಕೈ ಬಿಗಿ ಮಾಡುವುದು ಮೊದಲು ಇಲ್ಲೇ.

ಗಾಜಿನ ಕಪಾಟಿನಲ್ಲಿ ಫಳಫಳ ಹೊಳೆಯುವ ಜಾಬ್‌ಗಳನ್ನು (ಹುಡುಗರು ಮಾಡಿದ ತುಂಡುಗಳನ್ನು) ತೋರಿಸುತ್ತಾರೆ. ನೋಡಿ, ಹೊಗಳಿ, ಮುಂದೆ ಹೋಗಿ. ಅವು ಎಷ್ಟು ವರ್ಷದಿಂದ ಅಲ್ಲಿವೆಯೋ ದೇವರಿಗೇ ಗೊತ್ತು. ಬೆಂಚ್ ಹತ್ತಿರ ನಿಂತ ಹುಡುಗನೊಬ್ಬನನ್ನು "ನಿನ್ನೆ ಮಾಡಿದ ಜಾಬ್ ತೋರಿಸ್ತೀಯಾಪ್ಪಾ?" ಅಂತ ಕೇಳಿ. ಅದರ ಮೇಲೆ ಅವನ ರೋಲ್ ನಂಬರ್ ಪಂಚ್ ಮಾಡಿರಬೇಕು. ಟ್ರೈ ಸ್ಕ್ವೇರ್ (ಮೂಲೆಮಟ್ಟ) ಇಟ್ಟು ಬೆಳಕಿಗೆ ಹಿಡಿಯಲು ಹೇಳಿ. ನಡುವೆ ಬೆಳಕು ಇಣುಕಿದರೂ ಪರವಾಗಿಲ್ಲ. ಎಲ್ಲಿ ತಪ್ಪಾಯಿತು ಅಂತ ಅವನಿಗೆ ಗೊತ್ತಿದೆಯಾ ಅನ್ನುವುದನ್ನು ನೋಡಿ. "ಇಲ್ಲಿ ಸ್ವಲ್ಪ ಜಾಸ್ತಿ ತೆಗೆದುಬಿಟ್ಟೆ ಅಂಕಲ್" ಅಂದನಾ, ಅಲ್ಲಿ ಪಾಠ ನಡೆಯುತ್ತಿದೆ.

ವೆಲ್ಡಿಂಗ್‌ನಲ್ಲಿ ಉರಿದು ಉಳಿದ ರಾಡ್ ತುಂಡುಗಳ ಡಬ್ಬ, ಚರ್ಮದ ಗ್ಲೌಸ್, ಹೊಗೆ ಹೊರಗೆ ಹೋಗಲು ದಾರಿ ಇವೆಯಾ ನೋಡಿ. ಎಲೆಕ್ಟ್ರಿಷಿಯನ್ ಲ್ಯಾಬ್‌ನಲ್ಲಿ ಬಿಚ್ಚಿದ ಮೋಟರ್, ಹುಡುಗರೇ ಎಳೆದ ವೈರಿಂಗ್ ಬೋರ್ಡ್ ಕಾಣಬೇಕು. ಗೋಡೆ ತುಂಬ ಚಾರ್ಟ್ ಅಂಟಿಸಿದ್ದರೆ ಸಾಲದು.

ಇನ್ನು ಮೇಷ್ಟ್ರು. ಸರ್ಕಾರಿ ಐಟಿಐಗಳಲ್ಲಿ ಇವರನ್ನು ಜೆಟಿಒ (ಕಿರಿಯ ತರಬೇತಿ ಅಧಿಕಾರಿ) ಅನ್ನುತ್ತಾರೆ. ನಿಮ್ಮ ಟ್ರೇಡ್‌ಗೆ ಅದೇ ಟ್ರೇಡ್‌ನ ಮೇಷ್ಟ್ರು ಇದ್ದಾರಾ, ಅವರು ಸಿಐಟಿಎಸ್ (ಐಟಿಐ ಮೇಷ್ಟ್ರುಗಳಿಗೆಂದೇ ಇರುವ) ತರಬೇತಿ ಮುಗಿಸಿದ್ದಾರಾ, ಇಷ್ಟನ್ನು ಕೇಳಿ. "ಸದ್ಯಕ್ಕೆ ಫಿಟ್ಟರ್ ಸಾರೇ ಎಲೆಕ್ಟ್ರಿಷಿಯನ್ ಬ್ಯಾಚೂ ನೋಡ್ಕೋತಾರೆ" ಅನ್ನುವ ಉತ್ತರ ಬಂದರೆ ಆ 'ಸದ್ಯಕ್ಕೆ' ಎರಡು ವರ್ಷ ಮುಗಿಯುವವರೆಗೂ ಎಳೆಯಬಹುದು.

ಹೊಸ ಮೆಷಿನ್‌ಗಳ ಬಗ್ಗೆಯೂ ಒಂದು ಮಾತು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ ರಾಜ್ಯದ 150 ಸರ್ಕಾರಿ ಐಟಿಐಗಳು 2022ರಲ್ಲಿ ಉದ್ಘಾಟನೆಯಾದವು. ಸಿಎನ್‌ಸಿ, ರೋಬೋಟ್, ಎಲೆಕ್ಟ್ರಿಕ್ ವಾಹನದ ಟ್ರೇಡ್‌ಗಳು ಬಂದವು. ಸರ್ಕಾರಿ ಫೀಸಿನಲ್ಲಿ ಇಂಥ ಮೆಷಿನ್ ಮುಟ್ಟಲು ಸಿಗುವುದು ದೊಡ್ಡ ಸಂಗತಿ, ಅದಕ್ಕೇ ಖಾಸಗಿ ಸೀಟಿಗೆ ದುಡ್ಡು ಕಟ್ಟುವ ಮೊದಲು ಹತ್ತಿರದ ಸರ್ಕಾರಿ ಐಟಿಐ ನೋಡಿಯೇ ಬನ್ನಿ. ಅಲ್ಲಿಯೂ ಪ್ರಶ್ನೆ ಅದೇ: ಮೆಷಿನ್ ಓಡಿಸುವುದು ಹುಡುಗರೋ, ಬರೀ ಮೇಷ್ಟ್ರೋ? ಮಗಳಾದರೆ ಹೊಸೂರು ರಸ್ತೆಯಲ್ಲಿ ಮಹಿಳೆಯರಿಗೇ ಪ್ರತ್ಯೇಕ ಸರ್ಕಾರಿ ಐಟಿಐ ಇದೆ. ಎಲ್ಲೇ ಸೇರಿಸಿದರೂ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ ಕಣ್ಣಾರೆ ನೋಡಿ ಬನ್ನಿ. ವರ್ಕ್‌ಶಾಪ್‌ನಲ್ಲಿ ದುಪಟ್ಟಾ ಹಾಕಿಕೊಂಡು ಮೆಷಿನ್ ಹತ್ತಿರ ಬಿಡುವ ಜಾಗ ಬೇಡವೇ ಬೇಡ.

ಐಟಿಐ ಒಂದೇ ದಾರಿ ಅಂತಲೂ ಅಲ್ಲ. ರಾಜಾಜಿನಗರದ ಜಿಟಿಟಿಸಿ (ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರ) 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಶುರುವಾದದ್ದು. ಅಲ್ಲಿನ ಟೂಲ್ ಅಂಡ್ ಡೈ (ಕಾರ್ಖಾನೆಯ ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾಗೆ ಕಾರ್ಖಾನೆಗಳಲ್ಲಿ ಒಳ್ಳೆ ಹೆಸರಿದೆ. ಎರಡು ವರ್ಷದ ಐಟಿಐ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರುವ ಅವಕಾಶವೂ ಇದೆ.

ಆದರೆ ಮೂರು ತಿಂಗಳ ಕೋರ್ಸ್, 'ನೂರಕ್ಕೆ ನೂರು ಪ್ಲೇಸ್‌ಮೆಂಟ್' ಅಂತ ಮೆಟ್ರೋ ಕಂಬಕ್ಕೆ ಪೋಸ್ಟರ್ ಅಂಟಿಸುವವರ ಹತ್ತಿರ ಹೋಗಬೇಡಿ. "ಕ್ಲಾಸಿಗೆ ಬರದಿದ್ರೂ ನಡೆಯುತ್ತೆ, ನಾವು ನೋಡ್ಕೋತೀವಿ" ಅನ್ನುವ ಏಜೆಂಟರಿಂದ ಇನ್ನೂ ದೂರ ಇರಿ. ಟ್ರೇಡ್ ಟೆಸ್ಟ್‌ಗೆ, ಅಂದರೆ ಐಟಿಐ ಪರೀಕ್ಷೆಗೆ ಕೂರಲು ಶೇ 80 ಹಾಜರಾತಿ ಬೇಕು.

ಅರ್ಜಿ

ಕೈಗಾರಿಕಾ ತರಬೇತಿ ಮತ್ತು ಉದ್ಯೋಗ ಇಲಾಖೆಯ ವೆಬ್‌ಸೈಟ್‌ನಲ್ಲಿ ಆನ್‌ಲೈನ್ ಅರ್ಜಿ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಡಿ. ಗೊಂದಲವಾದರೆ ಡೈರಿ ವೃತ್ತದ ಕೌಶಲ್ಯ ಭವನಕ್ಕೆ ಹೋಗಿ ಕೇಳಿ. ಅಷ್ಟೇ.

ಸೇರಿದ ಮೇಲೆ

ಸೇಫ್ಟಿ ಶೂ ಕೊಡಿಸಿ, ಮೊಬೈಲ್ ಆಮೇಲೆ. ಸ್ವಂತಕ್ಕೊಂದು ವರ್ನಿಯರ್ ಇರಲಿ. ಆನ್‌ಲೈನ್‌ನಲ್ಲಿ ಸಿಗುವ ಪ್ಲಾಸ್ಟಿಕ್ ಡಿಜಿಟಲ್ ಕ್ಯಾಲಿಪರ್ ಮಾತ್ರ ಬೇಡ, ಒಂದೇ ತುಂಡನ್ನು ಎರಡು ಸಲ ಅಳೆದರೆ ಎರಡು ಉತ್ತರ ಕೊಡುತ್ತದೆ. ಸ್ಕೇಲ್ ಓದಿ ಅಳೆಯುವ ಉಕ್ಕಿನ ವರ್ನಿಯರೇ ಸರಿ. ಡಿಜಿಟಲ್‌ನಲ್ಲಿ ಕಲಿತವರಿಗೆ ಮೈನ್ ಸ್ಕೇಲ್ ಓದಲು ಬರುವುದೇ ಇಲ್ಲ.

ಅಪ್ರೆಂಟಿಸ್: ಇಲ್ಲಿ ಮತ್ತೆ ಎಡವುತ್ತಾರೆ

ಸರ್ಟಿಫಿಕೇಟ್ ಬಂದ ತಕ್ಷಣ ಸಿಕ್ಕ ಕೆಲಸಕ್ಕೆ ಹೋಗುವ ಬದಲು ಒಂದು ವರ್ಷ ಅಪ್ರೆಂಟಿಸ್ (ಕಾರ್ಖಾನೆಯಲ್ಲೇ ಸ್ಟೈಪೆಂಡ್ ಪಡೆದು ಕಲಿಯುವ ತರಬೇತಿ) ಮಾಡಿಸಿ. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ 30 ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು, ಒಟ್ಟು ಸಿಬ್ಬಂದಿಯ ಶೇ 2.5ರಿಂದ 15ರಷ್ಟು. ಎಚ್‌ಎಎಲ್, ಬಿಇಎಲ್, ರೈಲ್ವೆ ಪ್ರಕಟಣೆ ಹೊರಡಿಸುತ್ತವೆ. ರೈಲ್ವೆಯಲ್ಲಿ ಎಸ್ಸೆಸ್ಸೆಲ್ಸಿ ಮತ್ತು ಐಟಿಐ ಅಂಕ ನೋಡಿಯೇ ಮೆರಿಟ್ ಪಟ್ಟಿ ಮಾಡುತ್ತಾರೆ. ಪಾಸಾದರೆ ಸಾಕು ಅಂತ ಕೂತವರಿಗೆ ಅಲ್ಲಿ ಜಾಗ ಇಲ್ಲ.

ಖಾಸಗಿಯಲ್ಲಿ ಒಂದೇ ಪ್ರಶ್ನೆ: "ಪೋರ್ಟಲ್‌ನಲ್ಲಿ ಕಾಂಟ್ರಾಕ್ಟ್ ಆಗುತ್ತಾ?" ಕೇಂದ್ರದ ಅಪ್ರೆಂಟಿಸ್‌ಶಿಪ್ ಪೋರ್ಟಲ್‌ನಲ್ಲಿ ಒಪ್ಪಂದ ನೋಂದಣಿ ಆಗಿದ್ದರೆ ಮಾತ್ರ ಅದು ಅಪ್ರೆಂಟಿಸ್. ಇಲ್ಲದಿದ್ದರೆ ಕಡಿಮೆ ಸಂಬಳದ ಹೆಲ್ಪರ್ ಕೆಲಸಕ್ಕೆ 'ಟ್ರೇನಿಂಗ್' ಅಂತ ಹೆಸರಿಟ್ಟಿದ್ದಾರೆ ಅಷ್ಟೆ. ಐಟಿಐ ಮುಗಿಸಿದವರಿಗೆ 2019ರ ನಿಯಮದಲ್ಲಿ ತಿಂಗಳಿಗೆ ಕನಿಷ್ಠ 7,000 ರೂಪಾಯಿ ಸ್ಟೈಪೆಂಡ್ ನಿಗದಿಯಾಗಿತ್ತು. ಒಪ್ಪಂದದಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಸಹಿ ಹಾಕಬೇಡಿ. 2016ರಲ್ಲಿ ಬಂದ ನ್ಯಾಪ್ಸ್ (ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ) ಯೋಜನೆಯಲ್ಲಿ ಸ್ಟೈಪೆಂಡ್‌ನ ಕಾಲು ಭಾಗ, ಹೆಚ್ಚೆಂದರೆ 1,500 ರೂಪಾಯಿ, ಕೇಂದ್ರ ಸರ್ಕಾರದ್ದು. ಈಗ ಅದು ನೇರ ಹುಡುಗನ ಖಾತೆಗೆ ಬರುತ್ತದೆ. ಹಾಗಾಗಿ ಖಾತೆಗೆ ಆಧಾರ್ ಜೋಡಣೆ ಆಗಿರಲಿ. ಸೀಟು ಕೊಡಿಸುತ್ತೇವೆ ಅಂತ ದುಡ್ಡು ಕೇಳುವ ಕನ್ಸಲ್ಟೆನ್ಸಿಗಳಿಗೆ ಒಂದು ಪೈಸೆಯೂ ಕೊಡಬೇಡಿ. ಓವರ್‌ಟೈಮ್ ಮಾಡು ಅಂದರೆ, ಅಪ್ರೆಂಟಿಸ್ ಸಲಹೆಗಾರರ (ಕಾಯ್ದೆಯಡಿ ಸರ್ಕಾರ ನೇಮಿಸಿದ ಅಧಿಕಾರಿ) ಒಪ್ಪಿಗೆ ಇಲ್ಲದೆ ಮಾಡಿಸುವ ಹಾಗಿಲ್ಲ ಅಂತ ಕಾಯ್ದೆಯಲ್ಲೇ ಇದೆ.

ಕೊನೆಗೆ ಹೆಸರು

ಇದು ಚಿಕ್ಕದು, ಆದರೆ ಕಾಡುತ್ತದೆ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಆಧಾರ್‌ನಲ್ಲಿ ಇರುವುದೇ ಇಲ್ಲ. ಮಾರ್ಕ್ಸ್ ಕಾರ್ಡ್‌ನಲ್ಲಿ 'ಎಂ. ರವಿಕುಮಾರ್', ಆಧಾರ್‌ನಲ್ಲಿ 'ರವಿ ಕುಮಾರ' ಅಂತಿದ್ದರೆ ಪೋರ್ಟಲ್ ಅವರಿಬ್ಬರನ್ನೂ ಬೇರೆ ಬೇರೆ ಜನ ಅಂತಲೇ ತಿಳಿಯುತ್ತದೆ. ಐಟಿಐಗೆ ಸೇರುವಾಗಲೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಇದ್ದ ಹಾಗೆ ಆಧಾರ್, ಬ್ಯಾಂಕ್ ಪಾಸ್‌ಬುಕ್ ಎರಡನ್ನೂ ತಿದ್ದಿಸಿ. ಅಡ್ಮಿಷನ್ ಆದ ವಾರವೇ ಐಟಿಐ ಪೋರ್ಟಲ್‌ನಲ್ಲಿ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಹೇಗೆ ನಮೂದಾಗಿದೆ ಅಂತ ಆಫೀಸಿನಲ್ಲಿ ಕೂತು ಸ್ಕ್ರೀನ್ ಮೇಲೆ ನೋಡಿ. ಸರ್ಟಿಫಿಕೇಟ್ ಬಂದ ಮೇಲೆ ತಿದ್ದಿಸುವುದಕ್ಕಿಂತ ಆಗಲೇ ಸರಿ ಮಾಡಿಸುವುದು ಎಷ್ಟೋ ಸುಲಭ.