ಮಂಡಿ ಸವೆತದ ನೋವು: ಮಾತ್ರೆಗಿಂತ ಮೊದಲು ತೊಡೆಗೆ ಬಲ
ಮಂಡಿ ನೋವು ಅಂದ ಕೂಡಲೇ ಮನೆಯವರು ಹೇಳುವುದು ‘ಓಡಾಡಬೇಡಿ, ಸುಮ್ನೆ ಕೂತ್ಕೊಳ್ಳಿ’ ಅಂತ. ಸವೆತದ ನೋವಿಗೆ ಈ ಸಲಹೆಯಿಂದ ಕೆಡುಕೇ ಜಾಸ್ತಿ. ಕೂತಷ್ಟೂ ತೊಡೆಯ ಮುಂಭಾಗದ ಸ್ನಾಯು ಸೊರಗುತ್ತದೆ, ಅದು ಹೊರಬೇಕಾದ ಭಾರ ಕೀಲಿನ ಮೇಲೆ ಬೀಳುತ್ತದೆ. ಮಂಡಿ ಕೆಂಪಾಗಿ ಬಿಸಿಯಾಗಿದ್ದರೆ, ಜ್ವರವಿದ್ದರೆ, ಬಿದ್ದ ಮೇಲೆ ಕಾಲೂರಲು ಆಗದಿದ್ದರೆ, ಮೀನಖಂಡ ಊದಿಕೊಂಡಿದ್ದರೆ ಮಾತ್ರ ವ್ಯಾಯಾಮ ಬಿಟ್ಟು ಮೊದಲು ವೈದ್ಯರಲ್ಲಿಗೆ ಹೋಗಿ.

ಮಂಚದ ಮೇಲೆ ಕಾಲು ಚಾಚಿ ಕೂತು, ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ಮಂಡಿಯಿಂದಲೇ ಅದನ್ನು ಕೆಳಕ್ಕೆ ಒತ್ತಿ. ತೊಡೆಯ ಮೇಲೆ ಕೈಯಿಟ್ಟರೆ ಸ್ನಾಯು ಗಟ್ಟಿಯಾಗುವುದು ತಿಳಿಯಬೇಕು, ಚಿಪ್ಪು ತುಸು ಮೇಲಕ್ಕೆ ಸರಿಯಬೇಕು. 5 ಸೆಕೆಂಡ್ ಹಿಡಿದು ಬಿಡಿ, ಹೀಗೆ 10 ಸಲ. ಉಸಿರು ಕಟ್ಟಬೇಡಿ. ಆಮೇಲೆ ಕುರ್ಚಿಯಲ್ಲಿ ಕೂತು ಒಂದೊಂದೇ ಕಾಲನ್ನು ನೇರ ಮಾಡಿ, 5 ಸೆಕೆಂಡ್ ನಿಲ್ಲಿಸಿ, ನಿಧಾನಕ್ಕೆ ಇಳಿಸಿ, ಅದೂ 10 ಸಲ. ಇವೆರಡೂ ದಿನಾ ಆಗಲಿ.

ಹೆಚ್ಚು ಫಲ ಕೊಡುವುದು ಕುರ್ಚಿಯಿಂದ ಎದ್ದು ಕೂರುವುದು. ದಿನ ಬಿಟ್ಟು ದಿನ 8ರಿಂದ 10 ಸಲ ಸಾಕು. ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಏಳಲು ಕಷ್ಟವಾದರೆ ಸೀಟಿನ ಮೇಲೆ ಮಡಚಿದ ಕಂಬಳಿ ಹಾಕಿ ಎತ್ತರ ಮಾಡಿಕೊಳ್ಳಿ, ಬಲ ಬಂದಂತೆ ತೆಗೆಯಿರಿ. ಇಲ್ಲಿ ಎರಡು ತಪ್ಪು ಸಾಮಾನ್ಯ. ಏಳುವಾಗ ಮಂಡಿಗಳು ಒಳಕ್ಕೆ ವಾಲುತ್ತವೆ. ಅವು ಪಾದದ ಬೆರಳುಗಳ ನೇರಕ್ಕೇ ಇರಬೇಕು. ಕೂರುವಾಗ ಧೊಪ್ಪನೆ ಬೀಳುತ್ತಾರೆ. ನಿಧಾನಕ್ಕೆ ಇಳಿಯುವಾಗಲೇ ಸ್ನಾಯುವಿಗೆ ನಿಜವಾದ ಕೆಲಸ.

ಮಾಡುವಾಗ ಸ್ವಲ್ಪ ನೋವಾದರೆ ಹೆದರಬೇಡಿ. ಮರುದಿನವೂ ಹೆಚ್ಚಿದ ನೋವು ಇಳಿಯದಿದ್ದರೆ ಎಣಿಕೆ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಗುಣ ಕಾಣಲು 6ರಿಂದ 8 ವಾರ ಬೇಕು. ಬಹಳ ಜನ ಎರಡನೇ ವಾರಕ್ಕೇ ಕೈಬಿಡುತ್ತಾರೆ, ನಮಗೆ ಸಂಕಟವಾಗುವುದು ಅದನ್ನು ನೋಡಿಯೇ.

ನಡಿಗೆಗೆ ದಾವಣಗೆರೆಯ ಕುಂದುವಾಡ ಕೆರೆಯ ದಂಡೆಯಂಥ ಸಮತಟ್ಟಾದ ಜಾಗ ಒಳ್ಳೆಯದು. 10 ನಿಮಿಷದಿಂದ ಶುರು ಮಾಡಿ. ಚಿತ್ರದುರ್ಗದ ಕೋಟೆ ಮೆಟ್ಟಿಲು ಸದ್ಯಕ್ಕೆ ಬೇಡ. ಹತ್ತುವುದಕ್ಕಿಂತ ಇಳಿಯುವುದು ನೋಯಿಸುತ್ತದೆ. ಮನೆಯ ಮೆಟ್ಟಿಲಲ್ಲಿ ಹತ್ತುವಾಗ ಚೆನ್ನಾಗಿರುವ ಕಾಲು ಮೊದಲು, ಇಳಿಯುವಾಗ ನೋಯುವ ಕಾಲು ಮೊದಲು.

ತೂಕ ಹೆಚ್ಚಿದ್ದವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಭಾರ ಸುಮಾರು 4 ಕಿಲೋ ತಗ್ಗುತ್ತದೆ. ಬೆಣ್ಣೆ ದೋಸೆ ಪೂರ್ತಿ ಬಿಡಬೇಕಿಲ್ಲ, ಆದರೆ ಸಂಜೆ ಮಂಡಕ್ಕಿ ಜೊತೆಗಿನ ಮಿರ್ಚಿ ದಿನದ ಅಭ್ಯಾಸವಾಗಿದ್ದರೆ ಮೊದಲು ಅದನ್ನು ಕಡಿಮೆ ಮಾಡಿ.

ಊರುಗೋಲನ್ನು ನೋಯುವ ಮಂಡಿಯ ಎದುರು ಬದಿಯ ಕೈಯಲ್ಲಿ ಹಿಡಿಯಬೇಕು. ಹೆಚ್ಚಿನವರು ನೋಯುವ ಕಡೆಗೇ ಹಿಡಿಯುತ್ತಾರೆ, ಅದರಿಂದ ಭಾರ ಇಳಿಯುವುದಿಲ್ಲ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಲಿ. ತುದಿಯ ರಬ್ಬರ್ ನುಣುಪಾದರೆ ಬದಲಿಸಿ.

ಹೊಲದಲ್ಲಿ ಕಳೆ ತೆಗೆಯುವಾಗ ಕುಕ್ಕರಗಾಲಲ್ಲಿ ಗಂಟೆಗಟ್ಟಲೆ ಕೂರದೆ ಮಣೆ ಬಳಸಿ, ಆಗಾಗ ಎದ್ದು ಕಾಲು ಚಾಚಿ. ಬೆಳಿಗ್ಗೆ ಮಂಡಿ ಬಿಗಿದಿದ್ದರೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು 15 ನಿಮಿಷ ಇಡಿ. ಊತವಿದ್ದರೆ ಬಟ್ಟೆಯಲ್ಲಿ ಸುತ್ತಿದ ಐಸ್ 10 ನಿಮಿಷ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿಯುವವರು ಬಿಸಿಯನ್ನು ಮೊದಲು ಮೊಣಕೈಗೆ ಮುಟ್ಟಿಸಿ ನೋಡಲಿ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ನೀ ಕ್ಯಾಪ್ ಹಾಕುವವರು ನಡೆಯುವಾಗ ಮಾತ್ರ ಹಾಕಿ, ಮಲಗುವಾಗ ತೆಗೆಯಿರಿ.